ನಾಲ್ಕು ನೋ ಟ್ರಂಪ್ ಅಂದರೆ ಏನು

ನವೆಂಬರ್ 14, ಮಂಗಳವಾರ

ಬ್ರಿಡ್ಜ್ ಕ್ಲಬ್ಬಿನ ಸಮಿತಿಯಿಂದ ಕಾಗದ ಬಂದಿದೆ. ಒಂದೇ ಪುಟ. ಅದರಲ್ಲಿ ‘ಅರಚಾಟ’ ಎಂಬ ಪದ ನಾಲ್ಕು ಸಲ ಇದೆ. ನಾನು ಅರಚಲಿಲ್ಲ. ಚರ್ಚಿನ ಆ ನೆಲಮಾಳಿಗೆಯಲ್ಲಿ ಹೀಟರಿನ ಸದ್ದು ವಿಪರೀತ. ಏನನ್ನಾದರೂ ವಿವರಿಸಬೇಕೆಂದರೆ ಗಟ್ಟಿಯಾಗಿಯೇ ವಿವರಿಸಬೇಕು.

ನಡೆದದ್ದನ್ನು ಇವತ್ತಿನಿಂದ ಬರೆದಿಡುತ್ತೇನೆ. ನಾಳೆ ವಿಚಾರಣೆ ಗಿಚಾರಣೆ ಅಂತಾದರೆ ದಾಖಲೆ ಬೇಕು. ಸಮಿತಿಯಲ್ಲಿ ಆಟ ಬಾರದವರೂ ಇರುವುದರಿಂದ ಬಿಡಿಸಿಯೇ ಬರೆಯುವುದು ಒಳ್ಳೆಯದು.

ಅಕ್ಟೋಬರ್ 31. ಮೇಜಿಗೆ ನಾಲ್ವರು, ಎದುರುಬದುರು ಕೂತವರು ಜೋಡಿ. ನನ್ನ ಎದುರು ಲೈಲ್ ಹ್ಯಾಡೋ, ಹತ್ತೊಂಬತ್ತು ವರ್ಷದಿಂದ ನನ್ನ ಜೋಡಿ. ಅವನು ‘ಒಂದು ನೋ ಟ್ರಂಪ್’ ಎಂದು ಕೂಗಿದ. ಕೂಗುವುದೆಂದರೆ ಬಾಯಲ್ಲಿ ಅಲ್ಲ, ಪ್ರತಿಯೊಬ್ಬರ ಮುಂದೆ ಚೀಟಿಗಳ ಡಬ್ಬಿ ಇರುತ್ತದೆ, ಬೇಕಾದ ಚೀಟಿ ತೆಗೆದು ಮೇಜಿನ ಮೇಲೆ ಇಡುವುದು. ತುರುಫು ಇಲ್ಲದೆ ಆಡೋಣ, ನನ್ನ ಕೈ ಚೆನ್ನಾಗಿದೆ ಎಂದು ಅದರ ಅರ್ಥ. ನನ್ನ ಕೈ ಅದಕ್ಕಿಂತ ಚೆನ್ನಾಗಿತ್ತು. ಹದಿಮೂರು ಸುತ್ತಿನಲ್ಲಿ ಹನ್ನೆರಡು ಗೆಲ್ಲುತ್ತೇವೆಂದು ಮೊದಲೇ ಕೂಗಿ ಗೆದ್ದರೆ ಅದು ಸ್ಲ್ಯಾಮ್. ಕೂಗಿದ ಸಂಖ್ಯೆಗೆ ಆರು ಕೂಡಿಸಿಕೊಳ್ಳಬೇಕು: ‘ನಾಲ್ಕು’ ಅಂದರೆ ಹತ್ತು ಸುತ್ತು, ‘ಆರು’ ಅಂದರೆ ಹನ್ನೆರಡು. ಇಡೀ ಚಳಿಗಾಲದಲ್ಲಿ ನಾಲ್ಕೈದು ಸಲ ಸಿಗುವಂಥದ್ದು. ಆದರೆ ಎದುರಾಳಿಗಳ ಬಳಿ ಎರಡು ಎಕ್ಕ ಇದ್ದರೆ ಮೊದಲೆರಡು ಸುತ್ತಿನಲ್ಲೇ ಮಾನ ಹೋಗುತ್ತದೆ. ಹಾಗಾಗಿ ನಾನು ‘ನಾಲ್ಕು ನೋ ಟ್ರಂಪ್’ ಚೀಟಿ ಇಟ್ಟೆ. ಅದು ಒಂದು ಸಂಕೇತ, ಒಂದು ಪ್ರಶ್ನೆ. ನಿನ್ನ ಹತ್ತಿರ ಎಕ್ಕ ಎಷ್ಟಿವೆ ಹೇಳು ಅಂತ. ಲೋಕದಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ.

ಲೈಲ್ ಪಾಸ್ ಎಂದ.

ನಾಲ್ಕಕ್ಕೇ ಆಡಬೇಕಾಯಿತು. ಹನ್ನೆರಡು ಸುತ್ತು ತಾವಾಗಿಯೇ ಬಂದು ಮಡಿಲಿಗೆ ಬಿದ್ದವು. ಆಗ ನಾನು ಹೇಳಿದ್ದು ಇಷ್ಟೇ: “ನಿನ್ನ ತಲೇಲಿರೋದು ಕಾಳೋ ಹೊಟ್ಟೋ?” ಮೂವತ್ತೊಂದು ವರ್ಷ ಬಂದರಿನಲ್ಲಿ ಗೋಧಿಗೆ ದರ್ಜೆ ಹಾಕಿದವನು ನಾನು, ಬಾಯಿಗೆ ಅಂಥ ಮಾತೇ ಬರುತ್ತದೆ. ಆಮೇಲೆ ಇನ್ನೂ ಎರಡು ಮೂರು ವಾಕ್ಯ ಇದ್ದವಂತೆ. ನನಗೆ ನೆನಪಿಲ್ಲ. ಲೈಲ್ ತನ್ನ ಎಲೆಗಳನ್ನು ನೀಟಾಗಿ ಜೋಡಿಸಿ ಇಟ್ಟು, ಕೋಟು ಹಾಕಿಕೊಂಡು, ಟೋಪಿ ಹಾಕಿಕೊಂಡು, ಕೈಗವಸು ಒಂದೊಂದಾಗಿ ಏರಿಸಿಕೊಂಡು ಹೊರಟುಹೋದ. ಈಗ ಒಬ್ಬ ಹಲ್ಲಿನ ಡಾಕ್ಟರ ಜೊತೆ ಆಡುತ್ತಿದ್ದಾನಂತೆ.

ತೀರ್ಪು: ಫೆಬ್ರವರಿ ಕೊನೆಯ ತನಕ ನನ್ನ ಮೇಲೆ ಕಣ್ಣು. ಇನ್ನೊಂದು ದೂರು ಬಂದರೆ ಒಂದು ವರ್ಷ ಕ್ಲಬ್ಬಿಗೆ ಕಾಲಿಡುವಂತಿಲ್ಲ. ಜೋಡಿ ಯಾರೆಂದು ಕ್ಲಬ್ಬಿನ ಆಟ ನಡೆಸುವ ಕೊಲೆಟ್ ನಿರ್ಧರಿಸುತ್ತಾಳೆ.

ನವೆಂಬರ್ 21, ಮಂಗಳವಾರ

ಕೊಲೆಟ್ ನನಗೆ ಒಬ್ಬಳು ಮುದುಕಿಯನ್ನು ಕೊಟ್ಟಿದ್ದಾಳೆ. ಶ್ರೀಮತಿ ರಂತಾಲ, ಫಿನ್ನಿಷ್ ವಿಧವೆ, ಎಂಬತ್ತೆರಡು ವರ್ಷ. ಕಾಡಿನ ಮರಕಡಿಯುವ ಕ್ಯಾಂಪುಗಳಲ್ಲಿ ಅಡುಗೆ ಮಾಡಿಕೊಂಡಿದ್ದವರು. ಆಟ ಕಲಿತದ್ದೂ ಅಲ್ಲೇ, ಕ್ಯಾಂಪಿನ ಗುಮಾಸ್ತನಿಂದ. ಮಾತು ತೀರಾ ಕಡಿಮೆ. ಮೊದಲ ಅರ್ಧ ಗಂಟೆ ನಾನೊಬ್ಬನೇ ಮಾತಾಡಿದೆ.

“ನೀವು ಯಾವ ಯಾವ ಸಂಕೇತ ಬಳಸ್ತೀರಿ?” ಎಂದು ಕೇಳಿದೆ.

“ಇರೋದನ್ನ ಕೂಗ್ತೀನಿ,” ಎಂದರು.

“ಅದಲ್ಲ. ಸ್ಲ್ಯಾಮ್‌ಗೆ ಹೋಗೋವಾಗ ಏನು ಕೇಳ್ತೀರಿ, ಹೇಗೆ ಕೇಳ್ತೀರಿ ಅಂತ.”

“ಕೇಳಿದ್ರೆ ಎದುರಾಳಿಗಳಿಗೂ ಕೇಳಿಸತ್ತಲ್ಲಪ್ಪ.”

ನಾನು ಇಪ್ಪತ್ತೈದು ವರ್ಷದಿಂದ ಸಿದ್ಧಪಡಿಸುತ್ತ ಬಂದ ಸಂಕೇತಗಳ ಟಿಪ್ಪಣಿಯ ಪ್ರತಿ ಕೊಟ್ಟೆ. ಮೂವತ್ತನಾಲ್ಕು ಪುಟ, ಸಣ್ಣ ಅಕ್ಷರ, ಎರಡೂ ಬದಿ. ಅವರು ಅದನ್ನು ಕೈಯಲ್ಲಿ ತೂಗಿ ನೋಡಿ, ಚೀಲಕ್ಕೆ ಹಾಕಿಕೊಂಡು, “ಓದ್ತೀನಿ,” ಎಂದರು. ಒಲೆ ಹಚ್ಚಲು ಬಳಸುತ್ತಾರೆಂದು ನನ್ನ ಅಂದಾಜು.

ಹನ್ನೊಂದು ಜೋಡಿಗಳಲ್ಲಿ ಹತ್ತನೆಯವರಾದೆವು. ಗೋಧಿಯ ಲೆಕ್ಕದಲ್ಲಿ ಮುದುಕಿಯ ದರ್ಜೆ: ಮೂರು. ಕೆಲವು ಆಟಗಳಲ್ಲಿ ಅದಕ್ಕಿಂತ ಕೆಳಗೆ.

ನವೆಂಬರ್ 28, ಮಂಗಳವಾರ

ಮುದುಕಿ ಟಿಪ್ಪಣಿ ಓದಿಬಂದಿದ್ದಾರೆ. ಪೂರ್ತಿ. ಆಟ ಶುರುವಾಗುವ ಮೊದಲು ಚೀಲದಿಂದ ತೆಗೆದರು, ಅಂಚಿನಲ್ಲಿ ಪೆನ್ಸಿಲ್ ಗುರುತುಗಳು.

“ಕಾಗುಣಿತ ತಪ್ಪು ಮೂರಿದೆ,” ಎಂದರು.

“ಥ್ಯಾಂಕ್ಸ್.”

“ಒಂಬತ್ತನೇ ಪುಟದಲ್ಲಿ ನಾಲ್ಕು ನೋ ಟ್ರಂಪ್ ಅಂದ್ರೆ ಎಕ್ಕ ಎಷ್ಟು ಅನ್ನೋ ಪ್ರಶ್ನೆ. ಯಾವಾಗ್ಲೂ, ಎಲ್ಲ ಸಂದರ್ಭದಲ್ಲೂ ಅಂತ ಬರೆದಿದೀಯ. ‘ಯಾವಾಗ್ಲೂ’ ಕೆಳಗೆ ಎರಡು ಗೆರೆ.”

“ಹೌದು.”

“ಇಪ್ಪತ್ತೆರಡನೇ ಪುಟದಲ್ಲಿ, ಜೋಡಿ ಒಂದು ನೋ ಟ್ರಂಪ್ ಅಂದಮೇಲೆ ನಾಲ್ಕು ನೋ ಟ್ರಂಪ್ ಕೂಗಿದ್ರೆ ಅದು ಪ್ರಶ್ನೆ ಅಲ್ಲ, ಕರೆಯೋದು ಅಂತ ಇದೆ. ಕೈ ತುಂಬ ಚೆನ್ನಾಗಿದ್ರೆ ಆರಕ್ಕೆ ಬಾ, ಸಾಧಾರಣ ಇದ್ರೆ ಪಾಸ್ ಅನ್ನು ಅಂತ.” ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. “ಎರಡರಲ್ಲಿ ಯಾವುದು?”

ಎದುರಾಳಿಗಳು ಬಂದು ಕುಳಿತರು. ಉತ್ತರ ಹೇಳಲು ಸಮಯ ಸಿಗಲಿಲ್ಲ.

ಒಂಬತ್ತನೆಯವರಾದೆವು.

ನವೆಂಬರ್ 30, ಗುರುವಾರ

ಮೂಲಪ್ರತಿ ತೆಗೆದು ನೋಡಿದೆ. ಒಂಬತ್ತನೇ ಪುಟ ಬರೆದದ್ದು 1998ರಲ್ಲಿ. ಇಪ್ಪತ್ತೆರಡನೇ ಪುಟ 2009ರಲ್ಲಿ, ಡುಲೂತ್‌ನಲ್ಲಿ ಒಂದು ತರಬೇತಿಗೆ ಹೋಗಿಬಂದ ಮೇಲೆ. ಅಲ್ಲಿನ ಊಟ ಚೆನ್ನಾಗಿತ್ತೆಂಬುದು ನೆನಪಿದೆ, ಈ ವಿಷಯ ನೆನಪಿಲ್ಲ.

ಇದರಿಂದ ಏನೂ ಬದಲಾಗುವುದಿಲ್ಲ. ಎರಡು ಪುಟ ಒಂದಕ್ಕೊಂದು ವಿರುದ್ಧವಾಗಿದ್ದರೆ ಸಂದರ್ಭ ನೋಡಿ ನಡೆಯಬೇಕು. ಲೈಲ್ ಸಂದರ್ಭ ನೋಡಲಿಲ್ಲ. ಹೊಸದು ಹಳೆಯದನ್ನು ರದ್ದು ಮಾಡುತ್ತದೆಂದು ಅವನು ಭಾವಿಸಿದ್ದರೆ ಅದು ಅವನ ಭಾವನೆ.

ಡಿಸೆಂಬರ್ 5, ಮಂಗಳವಾರ

ಇವತ್ತು ಶ್ರೀಮತಿ ರಂತಾಲ ಡೈಮನ್ ಸುತ್ತಿಗೆ ಆಟೀನು ಎಲೆ ಹಾಕಿದರು, ಕೈಯಲ್ಲಿ ಮೂರು ಡೈಮನ್ ಇಟ್ಟುಕೊಂಡು. ಇದು ಆರು ವರ್ಷದ ಮಗು ಮಾಡುವ ತಪ್ಪು. ಕೊಲೆಟ್ ಬಂದು ದಂಡ ವಿಧಿಸಿ ಹೋದಳು, ಹೋಗುವಾಗ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ನಾನು ಪೆನ್ಸಿಲ್ ಕಚ್ಚಿಕೊಂಡಿದ್ದೆ. ಮನೆಗೆ ಬಂದು ನೋಡಿದರೆ ನಾಲಿಗೆಯ ಮೇಲೆ ಹಳದಿ ಬಣ್ಣ.

ಒಂದು ಗಂಟೆಯ ನಂತರ ಅದೇ ತಪ್ಪು, ಇನ್ನೊಮ್ಮೆ.

ದರ್ಜೆ: ದನದ ಮೇವು.

ಮನೆಯಲ್ಲಿ ಬಚ್ಚಲಿನ ಬಾಗಿಲು ಹಾಕಿಕೊಂಡು, ಹೇಳಬೇಕಾಗಿದ್ದನ್ನೆಲ್ಲ ಕನ್ನಡಿಗೆ ಹೇಳಿದೆ. ನನ್ನ ಹೆಂಡತಿ ನೀವೆಸ್ ಹೊರಗಿನಿಂದ ಬಾಗಿಲು ತಟ್ಟಿ, “ಒಳಗೆ ಯಾರಿದ್ದಾರೆ?” ಎಂದು ಕೇಳಿದಳು.

“ಯಾರೂ ಇಲ್ಲ.”

“ಪಾಪ, ಅವರನ್ನ ಬಿಟ್ಟುಬಿಡು. ಸೂಪ್ ಆರ್ತಾ ಇದೆ.”

ಡಿಸೆಂಬರ್ 19, ಮಂಗಳವಾರ

ಮೈನಸ್ ಇಪ್ಪತ್ತೆಂಟು. ಸರೋವರದ ಕಡೆಯಿಂದ ಗಾಳಿ. ಆಟ ಮುಗಿದಾಗ ಬಸ್ಸು ನಿಂತುಹೋಗಿತ್ತು, ಶ್ರೀಮತಿ ರಂತಾಲರನ್ನು ಕಾರಿನಲ್ಲಿ ಮನೆಗೆ ಬಿಟ್ಟೆ. ದಾರಿಯಲ್ಲಿ ಅವರಿಗೆ ಇವತ್ತಿನ ಏಳನೇ ಆಟದ ತಪ್ಪನ್ನು ವಿವರಿಸಿದೆ. ಮನೆ ಬಂದಾಗ, “ಒಳಗೆ ಬಾ, ಗಂಟಲು ಒಣಗಿರತ್ತೆ,” ಎಂದರು.

ಕಾಫಿ, ಜೊತೆಗೆ ಜಡೆಯಂತೆ ಹೆಣೆದ ಏಲಕ್ಕಿ ಬ್ರೆಡ್ಡು, ಪುಲ್ಲಾ. ನಾಲ್ಕು ಹೋಳು ತಿಂದೆ. ಅಡುಗೆಮನೆಯ ಮೇಜಿನ ಮೇಲೆ ನನ್ನ ಟಿಪ್ಪಣಿ ಬಿಚ್ಚಿಟ್ಟಿತ್ತು. ಅದರ ಮೇಲೆ ದೋಸೆಕಲ್ಲಿನಷ್ಟು ದೊಡ್ಡ ಭೂತಗನ್ನಡಿ, ಪಕ್ಕದಲ್ಲಿ ದರ್ಜಿಯಂಗಡಿಯಲ್ಲಿ ಇರುವಂಥ ಕುತ್ತಿಗೆ ಬಗ್ಗುವ ದೀಪ.

“ಇದರಲ್ಲಿ ಓದಿದ್ರಾ?”

“ಹೂಂ.”

“ಮೂವತ್ತನಾಲ್ಕು ಪುಟಾನೂ?”

“ಆರು ದಿನ ಹಿಡೀತು. ಅಕ್ಷರ ಸಣ್ಣದು ಮಾಡಿದೀಯ.”

ಕಣ್ಣಿಗೆ ಪೊರೆ ಬಂದಿದೆಯಂತೆ, ಎರಡಕ್ಕೂ. ಆಪರೇಷನ್ನಿಗೆ ಏಪ್ರಿಲ್‌ನಲ್ಲಿ ದಿನ ಕೊಟ್ಟಿದ್ದಾರೆ. ನೆಲಮಾಳಿಗೆಯ ಮಂದ ಬೆಳಕಿನಲ್ಲಿ ಆಟೀನಿಗೂ ಡೈಮನ್‌ಗೂ ವ್ಯತ್ಯಾಸ ತಿಳಿಯುವುದಿಲ್ಲ, ಎರಡೂ ಕೆಂಪು ಚುಕ್ಕೆ.

“ಕೊಲೆಟ್‌ಗೆ ಹೇಳಬಹುದಿತ್ತಲ್ಲ?”

“ಹೇಳಿದ್ರೆ ಏಪ್ರಿಲ್ ತನಕ ಮನೇಲಿರಿ ಅಂತಾಳೆ. ಒಳ್ಳೇ ಮನಸಿಂದಾನೇ ಅಂತಾಳೆ.” ಬಟ್ಟಲಿಗೆ ಇನ್ನಷ್ಟು ಕಾಫಿ ಸುರಿದರು. “ಮಂಗಳವಾರ ಬಿಟ್ರೆ ನಂಗೆ ಬೇರೆ ವಾರ ಇಲ್ಲ.”

ದರ್ಜೆ ಹಾಕುವುದು ಮರೆತಿದ್ದೆ. ಈಗ ನಿದ್ದೆ ಬರುತ್ತಿದೆ.

ಜನವರಿ 9, ಮಂಗಳವಾರ

ದೊಡ್ಡ ಅಕ್ಷರದ, ನಾಲ್ಕು ಜಾತಿಗೂ ನಾಲ್ಕು ಬಣ್ಣ ಇರುವ ಇಸ್ಪೀಟೆಲೆಗಳು ಸಿಗುತ್ತವೆ. ಡೈಮನ್ ನೀಲಿ, ಕಲಾವರ್ ಹಸಿರು. ಹನ್ನೆರಡು ಕಟ್ಟು ತರಿಸಿ ಕೊಲೆಟ್ ಮುಂದೆ ಇಟ್ಟು, ಇನ್ನು ಮೇಲೆ ಇವುಗಳಲ್ಲೇ ಆಡಿಸಬೇಕು, ನನಗೆ ಕಣ್ಣು ಕಾಣಿಸುತ್ತಿಲ್ಲ ಎಂದೆ.

“ನಿನಗಾ? ಮೂರು ಮೇಜು ಆಚೆ ಕೂತೋರ ತಪ್ಪು ಕಾಣ್ಸತ್ತಲ್ಲ ನಿಂಗೆ?”

“ದೂರದ್ದು ಕಾಣತ್ತೆ. ಹತ್ತಿರದ್ದು ಕಾಣಲ್ಲ.”

“ಅದು ನಿಜ,” ಎಂದಳು ಕೊಲೆಟ್. ಯಾಕೆ ನಕ್ಕಳೋ.

ಇಡೀ ಕ್ಲಬ್ಬು ತಮಾಷೆ ಮಾಡಿತು. ಯಾರೋ ನನ್ನ ಕುರ್ಚಿಗೆ ಬಿಳಿ ಕೋಲು ಒರಗಿಸಿಟ್ಟಿದ್ದರು. ಲೈಲ್‌ನ ಹಲ್ಲಿನ ಡಾಕ್ಟರು ನನ್ನನ್ನು ಕೈಹಿಡಿದು ಕಾಫಿ ಮೇಜಿನ ತನಕ ಕರೆದೊಯ್ದು, ಇದು ಸಕ್ಕರೆ, ಇದು ಹಾಲು ಎಂದು ತೋರಿಸಿದ. ಲೈಲ್ ಕಿಟಕಿಯ ಹೊರಗೆ ನೋಡುತ್ತಿದ್ದ. ಅದು ನೆಲಮಾಳಿಗೆಯ ಕಿಟಕಿ, ಹೊರಗೆ ಹಿಮ ಬಿಟ್ಟು ಏನೂ ಕಾಣುವುದಿಲ್ಲ.

ನಾಲ್ಕನೆಯವರಾದೆವು. ಶ್ರೀಮತಿ ರಂತಾಲ ಒಂದೂ ತಪ್ಪು ಎಲೆ ಹಾಕಲಿಲ್ಲ. ಎದುರಾಳಿಯ ಕೈಯಲ್ಲಿ ಏನಿದೆಯೆಂದು ಎಕ್ಸ್‌ರೇ ತೆಗೆದ ಹಾಗೆ ಹೇಳುತ್ತಾರೆ. ಕ್ಯಾಂಪಿನಲ್ಲಿ ಎಂಬತ್ತು ಜನರಿಗೆ ಬಡಿಸುವಾಗ ಯಾರು ಎರಡನೇ ಸಲ ತಟ್ಟೆ ಹಿಡಿದು ಬಂದವರೆಂದು ನೆನಪಿಡಬೇಕಿತ್ತಂತೆ, ಎಲೆ ಎಣಿಸುವುದು ಅದಕ್ಕಿಂತ ಸುಲಭವಂತೆ.

ಜನವರಿ 16, ಮಂಗಳವಾರ

ಈಗ ಪ್ರತಿ ಮಂಗಳವಾರ ನಾನೇ ಕರೆದುಕೊಂಡು ಹೋಗಿ ಬಿಡುತ್ತೇನೆ. ಬಸ್ಸನ್ನು ನಂಬುವಂತಿಲ್ಲ.

ಇನ್ನು ಮೇಲೆ ‘ಶ್ರೀಮತಿ ರಂತಾಲ’ ಬೇಡ, ಔನೆ ಅಂದರೆ ಸಾಕಂತೆ. ಇವತ್ತು ಪುಲ್ಲಾ ತಿನ್ನುವಾಗ ಔನೆ ಕೇಳಿದರು, “ಆವತ್ತು ಲೈಲ್ ಜೊತೆ ಆಗಿದ್ದೇನು? ಎಲೆ ನೆನಪಿದ್ಯಾ?”

ನನಗೆ ಎಲ್ಲ ಎಲೆ ನೆನಪಿರುತ್ತವೆ. ಹೇಳಿದೆ. ಎಕ್ಕಕ್ಕೆ ನಾಲ್ಕು, ರಾಜನಿಗೆ ಮೂರು, ರಾಣಿಗೆ ಎರಡು, ಗುಲಾಮನಿಗೆ ಒಂದು, ಹೀಗೆ ಎಣಿಸಿದರೆ ನನ್ನ ಕೈಯಲ್ಲಿ ಹದಿನೆಂಟು ಇತ್ತು.

“ಲೈಲ್ ಒಂದು ನೋ ಟ್ರಂಪ್ ಅಂದ್ರೆ ಕನಿಷ್ಠ ಎಷ್ಟಿರ್ಬೇಕು?”

“ಹದಿನೈದು.”

“ಕಟ್ಟಲ್ಲಿ ಒಟ್ಟು ನಲವತ್ತು. ನಿಮ್ಮಿಬ್ರ ಹತ್ರ ಮೂವತ್ತಮೂರು. ಎದುರಾಳಿಗಳಿಗೆ ಉಳಿದದ್ದು ಏಳು.” ಬೆರಳಿನಿಂದ ಮೇಜಿನ ಮೇಲಿನ ಸಕ್ಕರೆ ಕಾಳುಗಳನ್ನು ಗುಡ್ಡೆ ಮಾಡಿದರು. “ಎರಡು ಎಕ್ಕಕ್ಕೆ ಎಷ್ಟಪ್ಪ?”

“ಎಂಟು.”

“ಏಳರಲ್ಲಿ ಎಂಟು ಹಿಡ್ಸತ್ತಾ?”

ನಾನು ಇನ್ನೊಂದು ಹೋಳು ಪುಲ್ಲಾ ತೆಗೆದುಕೊಂಡೆ.

“ಅವರ ಹತ್ರ ಎರಡು ಎಕ್ಕ ಇರೋಕೆ ಸಾಧ್ಯಾನೇ ಇರ್ಲಿಲ್ಲ. ಕೇಳೋದು ಏನಿತ್ತು? ಆರಕ್ಕೆ ಮೂವತ್ತಮೂರು ಸಾಕು, ನೀನೇ ಕೂಗಿ ಆಡಬಹುದಿತ್ತು.”

“ಸಂಕೇತ ಅಂತ ಒಂದು ಇದ್ಮೇಲೆ...”

“ಮನೇಲಿ ಹೊಸ ಸೌಟಿದೆ ಅಂತ ಬ್ರೆಡ್ಡನ್ನ ಸೌಟಲ್ಲಿ ತಿಂತಾರಾ,” ಎಂದರು ಔನೆ. ಒಂದೇ ಸಂಜೆಯಲ್ಲಿ ಅವರು ಇಷ್ಟು ಮಾತಾಡಿದ್ದು ಇದೇ ಮೊದಲು.

ಮನೆಗೆ ಬಂದು ಮೂರು ಸಲ ಕೂಡಿಸಿದೆ. ಹದಿನೆಂಟು ಮತ್ತು ಹದಿನೈದು. ಮೂರು ಸಲವೂ ಮೂವತ್ತಮೂರೇ.

ಜನವರಿ 17, ಬುಧವಾರ

ಟಿಪ್ಪಣಿಯ ಪರಿಷ್ಕರಣೆ. ಒಂಬತ್ತನೇ ಪುಟ ತೆಗೆದುಹಾಕಿದೆ. ಕಾರಣ: ಪುನರುಕ್ತಿ.

ಫೆಬ್ರವರಿ 3, ಶನಿವಾರ

ಹಾರ್ಡ್‌ವೇರ್ ಅಂಗಡಿಯಲ್ಲಿ ಲೈಲ್ ಸಿಕ್ಕಿದ. ಮೆಟ್ಟಿಲ ಮೇಲಿನ ಹಿಮಕ್ಕೆ ಹಾಕುವ ಉಪ್ಪಿನ ಚೀಲ ಎತ್ತುತ್ತಿದ್ದ. ನಾನೂ ಒಂದು ಚೀಲ ಎತ್ತಿದೆ, ನಮ್ಮ ಮನೆಯಲ್ಲಿ ಈಗಾಗಲೇ ಎರಡು ಇದ್ದರೂ.

“ಲೈಲ್,” ಎಂದೆ.

“ರೆನಾತೋ.”

“ಚಳಿ.”

“ಹೂಂ. ಮುಂದಿನ ವಾರ ಕಡಿಮೆ ಆಗತ್ತಂತೆ.”

“ಲೈಲ್, ಆವತ್ತು...”

“ಏನು?”

“ಆವತ್ತು ಹೇಳಿದ್ರಲ್ಲ, ರೇಡಿಯೋದಲ್ಲಿ. ಮುಂದಿನ ವಾರ ಕಡಿಮೆ ಆಗತ್ತೆ ಅಂತ.”

“ಅದೇ ನಾನೂ ಹೇಳಿದ್ದು,” ಎಂದ ಲೈಲ್.

ಚೀಲ ಇಪ್ಪತ್ತು ಕಿಲೋ. ಸೊಂಟ ಹಿಡಿದುಕೊಂಡಿದೆ.

ಫೆಬ್ರವರಿ 4, ಭಾನುವಾರ

ಸೊಂಟ. ನೀವೆಸ್ ಬಿಸಿನೀರಿನ ಚೀಲ ಇಟ್ಟು, “ಮೂರು ಮಾತು ಹೇಳೋಕೆ ಇಪ್ಪತ್ತು ಕಿಲೋ ಎತ್ಬೇಕಾ?” ಎಂದು ಕೇಳಿದಳು. ಯಾವ ಮೂರು ಮಾತು ಎಂದೆ. ಇನ್ನಷ್ಟು ಬಿಸಿನೀರು ತರಲು ಹೋದಳು.

ಫೆಬ್ರವರಿ 20, ಮಂಗಳವಾರ

ಉದ್ದಕ್ಕೆ ಬರೆಯಬೇಕು, ಇವತ್ತು ಹಾಗಿತ್ತು.

ಔನೆ ‘ಒಂದು ಇಸ್ಪೇಟು’ ಎಂದರು, ನಾನು ‘ಮೂರು’ ಎಂದೆ, ಅವರು ಸೀದಾ ‘ಆರು ಇಸ್ಪೇಟು’ ಚೀಟಿ ಇಟ್ಟರು. ನಡುವೆ ಏನೂ ಇಲ್ಲ. ಪ್ರಶ್ನೆ ಇಲ್ಲ, ಸಂಕೇತ ಇಲ್ಲ. ಮೊದಲಾಗಿದ್ದರೆ ಇಂಥ ಕೂಗಿಗೆ ನಾನು ಏನು ದರ್ಜೆ ಹಾಕುತ್ತಿದ್ದೆನೋ. ಮೊದಲ ಎಲೆ ಹಾಕಬೇಕಾದವನು ಔನೆಯವರ ಎಡಗಡೆಯ ಎದುರಾಳಿ, ಅವನಿಗೆ ಯಾವ ಎಲೆಯಿಂದ ಶುರುಮಾಡಬೇಕೆಂದು ಸುಳಿವೇ ಸಿಗಲಿಲ್ಲ, ನಾವು ಏನೂ ಬಾಯಿ ಬಿಟ್ಟಿರಲಿಲ್ಲವಲ್ಲ. ಅವನು ಆಟೀನಿನಿಂದ ಶುರುಮಾಡಿದ. ಕಲಾವರ್ ಹಾಕಿದ್ದರೆ ನಾವು ಸತ್ತೆವು. ಹನ್ನೆರಡು ಸುತ್ತು ಬಂದವು. ಅವೇ ಎಲೆಗಳನ್ನು ಎಲ್ಲ ಮೇಜಿನಲ್ಲೂ ಆಡಿಸುತ್ತಾರೆ, ಬೇರೆ ಕಡೆಯೆಲ್ಲ ಎಕ್ಕ ಕೇಳಿ, ರಾಜ ಕೇಳಿ, ಕುಲಗೋತ್ರ ಕೇಳಿ, ಕಲಾವರ್ ಹಾಕಿಸಿಕೊಂಡು ಸೋತಿದ್ದರು.

“ಆರು ಅಂತ ಹೇಗೆ ಗೊತ್ತಾಯ್ತು ನಿಮಗೆ?” ಎಂದು ಕಾರಿನಲ್ಲಿ ಕೇಳಿದೆ.

“ನೀನು ಮೂರು ಅಂದ್ಯಲ್ಲ.”

“ಅಷ್ಟಕ್ಕೇನಾ?”

“ನೀನು ಇಲ್ಲದ್ದನ್ನ ಇದೆ ಅನ್ನೋನಲ್ಲ. ಬಾಯಿ ಜೋರು ಅಷ್ಟೇ.”

ಮೊದಲನೆಯವರಾದೆವು. ದಾರಿಯಲ್ಲಿ ನಿಲ್ಲಿಸಿ ಪರ್ಷಿಯನ್ ಬನ್ನು ಕೊಂಡೆವು, ಮೇಲೆ ಗುಲಾಬಿ ಸಕ್ಕರೆ ಸುರಿದದ್ದು. ಕಾರಿನಲ್ಲೇ ತಿಂದೆವು, ಬಂದರಿನ ಕಡೆ ಮುಖ ಮಾಡಿ. ಅಲ್ಲಿನ ಗೋಧಿ ತುಂಬಿಡುವ ಗೋಪುರಗಳಲ್ಲಿ ಯಾವುದರಲ್ಲಿ ಕೆಲಸ ಮಾಡಿದ್ದೆನೆಂದು ಅವರಿಗೆ ತೋರಿಸಿದೆ. ಅವರಿಗೆ ಕಾಣಿಸಿತೋ ಇಲ್ಲವೋ, “ದೊಡ್ಡದಿದೆ,” ಎಂದರು.

ಮಾರ್ಚ್ 5, ಮಂಗಳವಾರ

ಕೊಲೆಟ್ ಪಕ್ಕಕ್ಕೆ ಕರೆದು, “ನಿನ್ನ ಗಡುವು ಮುಗೀತು ಕಣೋ. ಬೇಕಿದ್ರೆ ಬೇರೆ ಜೋಡಿ ನೋಡ್ಕೋಬಹುದು,” ಎಂದಳು.

“ಯಾವ ಗಡುವು?”

ಅವಳು ನನ್ನ ಹಣೆ ಮುಟ್ಟಿ ನೋಡಿದಳು.

ಮಾರ್ಚ್ 23ಕ್ಕೆ ಗೆದ್ದವರಿಗೆ ಬೆಳ್ಳಿ ಬಟ್ಟಲು ಕೊಡುವ ಪಂದ್ಯ, ವರ್ಷಕ್ಕೊಮ್ಮೆ ಬರುವುದು. ಔನೆಯವರ ಹೆಸರೂ ನನ್ನ ಹೆಸರೂ ಒಟ್ಟಿಗೆ ಬರೆಸಿ ಬಂದೆ.

ಮಾರ್ಚ್ 23, ಶನಿವಾರ

ಬೆಳಿಗ್ಗೆ ಹತ್ತಕ್ಕೆ ಶುರುವಾಗಿ ಸಂಜೆ ಐದರ ತನಕ. ಕೊನೆಯ ಸುತ್ತಿಗೆ ಬಂದಾಗ ನಾವು ಎರಡನೆಯವರು, ಲೈಲ್ ಮತ್ತು ಹಲ್ಲಿನ ಡಾಕ್ಟರು ಮೊದಲನೆಯವರು, ನಡುವೆ ಕೂದಲೆಳೆಯಷ್ಟು ಅಂತರ. ಕೊನೆಯ ಮೇಜಿನಲ್ಲಿ ಅವರ ವಿರುದ್ಧವೇ ಆಡಬೇಕಾಯಿತು. ತಮ್ಮ ಆಟ ಮುಗಿಸಿದವರೆಲ್ಲ ಸುತ್ತ ನಿಂತರು. ಅಕ್ಟೋಬರಿನಿಂದ ಲೈಲ್ ಮತ್ತು ನಾನು ಒಂದೇ ಮೇಜಿಗೆ ಬಾರದ ಹಾಗೆ ಕೊಲೆಟ್ ಹೇಗೋ ಸಂಭಾಳಿಸಿದ್ದಳು, ಇವತ್ತು ಅವಳ ಕೈಯಲ್ಲೂ ಇರಲಿಲ್ಲ. ಅವಳೂ ಬಂದು ನನ್ನ ಹಿಂದೆ ನಿಂತಳು.

ಕೊನೆಯ ಆಟ. ಔನೆ ‘ಒಂದು ನೋ ಟ್ರಂಪ್’ ಎಂದರು. ಲೈಲ್ ಪಾಸ್. ನನ್ನ ಕೈಯಲ್ಲಿ ಹದಿನಾರು. ಅವರಲ್ಲಿ ಹದಿನೈದಿದ್ದರೆ ಆರು ಸುತರಾಂ ಆಗದು, ಹದಿನೇಳಿದ್ದರೆ ಆದೀತು. ನಾನು ಕೈ ಹಾಕಿ ‘ನಾಲ್ಕು ನೋ ಟ್ರಂಪ್’ ಚೀಟಿ ತೆಗೆದೆ. ಹಿಂದೆ ನಿಂತವರಲ್ಲಿ ಯಾರೋ ಕೆಮ್ಮಿದರು.

ಡಾಕ್ಟರು ಪಾಸ್. ಔನೆ ತಮ್ಮ ಎಲೆಗಳನ್ನು ಎರಡು ಸಲ ಎಣಿಸಿದರು. ಆಮೇಲೆ ‘ಆರು ನೋ ಟ್ರಂಪ್’ ಇಟ್ಟರು.

ಈಗ ಲೈಲ್‌ನ ಸರದಿ. ಅವನು ಚೀಟಿಗೆ ಕೈ ಹಾಕಲಿಲ್ಲ. ಎದುರಾಳಿಗಳ ಕೂಗಿನ ಅರ್ಥವೇನೆಂದು ಕೇಳುವ ಹಕ್ಕು ಆಟದಲ್ಲಿ ಎಲ್ಲರಿಗೂ ಇದೆ. ಕೂಗಿದವನು ಬಾಯಿ ಬಿಡುವಂತಿಲ್ಲ, ಅವನ ಜೋಡಿಯೇ ಉತ್ತರ ಹೇಳಬೇಕು. ಲೈಲ್ ಔನೆಯವರ ಕಡೆ ತಿರುಗಿ ಕೇಳಿದ, “ಅವನ ಆ ನಾಲ್ಕು ನೋ ಟ್ರಂಪ್ ಅಂದ್ರೆ ಏನು?”

“ಕರೆಯೋದು,” ಎಂದರು ಔನೆ. “ಇಪ್ಪತ್ತೆರಡನೇ ಪುಟ.”

“ಒಂಬತ್ತನೇ ಪುಟ ಅಲ್ವಾ?”

“ಒಂಬತ್ತನೇ ಪುಟ ಇಲ್ಲ.”

“ಇಲ್ಲ ಅಂದ್ರೆ?”

“ಹೊಸ ಪ್ರತೀಲಿ ಎಂಟಾದ್ಮೇಲೆ ಹತ್ತು. ಒಂಬತ್ತನ್ನ ಕಿತ್ತಾಕಿದಾನೆ.”

“ಯಾವಾಗ?”

“ಜನವರೀಲಿ. ಪುನರುಕ್ತಿ ಅಂದ.” ಔನೆ ತಮ್ಮ ಎಲೆಗಳನ್ನು ಸರಿಮಾಡಿಕೊಂಡರು. “ಅಕ್ಟೋಬರಿನ ಆಟದ ಲೆಕ್ಕ ಹಾಕಿದ ಮಾರನೇ ದಿನ.”

ನಾನು ಬಾಯಿ ಬಿಡುವಂತಿರಲಿಲ್ಲ. ಆಟದ ನಿಯಮ ಹಾಗಿದೆ. ಕಿವಿ ಬಿಸಿಯಾಗಿತ್ತು, ಮೇಜಿನ ಹಸಿರು ಬಟ್ಟೆಯಲ್ಲಿ ಒಂದು ಕಾಫಿ ಕಲೆ ಇತ್ತು, ಅದನ್ನೇ ನೋಡುತ್ತಿದ್ದೆ. ಲೈಲ್ ಏನನ್ನೋ ಹೇಳಲು ಹೊರಟು, ಕೊಲೆಟ್ ಇರುವುದನ್ನು ಕಂಡು, “ಸರಿ. ಗೊತ್ತಾಯ್ತು,” ಎಂದ. ಪಾಸ್ ಚೀಟಿ ಇಟ್ಟ.

ನಾನು ನನ್ನ ಎಲೆಗಳನ್ನು ಮೇಜಿನ ಮೇಲೆ ಬಿಚ್ಚಿಟ್ಟೆ. ಇನ್ನು ಆಡುವುದು ಔನೆ, ನಾನು ಡಮ್ಮಿ, ನೋಡುವುದಷ್ಟೇ. ಹನ್ನೊಂದು ಸುತ್ತು ಖಚಿತ. ಹನ್ನೆರಡನೆಯದಕ್ಕೆ ಡೈಮನ್ ರಾಣಿ ಯಾರ ಬಳಿ ಇದೆಯೆಂದು ಊಹಿಸಿ ಆಡಬೇಕು, ಲೈಲ್‌ನ ಬಳಿಯೋ, ಡಾಕ್ಟರ ಬಳಿಯೋ. ಒಂದೊಂದೇ ಸುತ್ತು ಮುಗಿಯುತ್ತಿದ್ದಂತೆ ಲೆಕ್ಕ ಹಾಕಿದೆ. ಡಾಕ್ಟರಿಗೆ ಇಸ್ಪೇಟು ಐದು, ಕಲಾವರ್ ನಾಲ್ಕು. ಡೈಮನ್‌ಗೆ ಜಾಗವೇ ಹೆಚ್ಚಿರಲಿಲ್ಲ. ರಾಣಿ ಲೈಲ್‌ನ ಕಡೆಯೇ ಇರುವ ಸಂಭವ ಹೆಚ್ಚು. ಇದು ನನಗೆ ಹಗಲಿನಷ್ಟು ಸ್ಪಷ್ಟವಾಗಿತ್ತು.

ಔನೆ ಡಾಕ್ಟರ ಬಳಿ ಹುಡುಕಿದರು. ರಾಣಿ ಲೈಲ್‌ನ ಕೈಯಿಂದ ಬಂದಳು, ನೀಲಿ ಬಣ್ಣದವಳು, ಬೆಕ್ಕಿನಷ್ಟು ದೊಡ್ಡವಳು.

ಒಂದು ಸುತ್ತಿನಿಂದ ಹೋಯಿತು. ಬಟ್ಟಲೂ ಹೋಯಿತು.

ಎಲ್ಲರೂ ನನ್ನನ್ನೇ ಯಾಕೆ ನೋಡುತ್ತಿದ್ದರೋ ತಿಳಿಯಲಿಲ್ಲ, ಆಡಿದವರು ಔನೆ. ಕೊಲೆಟ್ ನನ್ನ ಹೆಗಲ ಮೇಲೆ ಕೈಯಿಟ್ಟಿದ್ದಳು, ಹಿಡಿದು ಕೂರಿಸುವ ಹಾಗೆ. ಔನೆ ಎಲೆಗಳನ್ನು ಕೂಡಿಸಿಟ್ಟು, “ತಪ್ಪಾಯ್ತು. ಎಣಿಕೆ ಬಿಟ್ಟೆ,” ಎಂದರು. ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಬೆಳಿಗ್ಗೆ ಹತ್ತರಿಂದ ಕೂತವರು.

“ನಾನಾಗಿದ್ರೂ ಅತ್ತಲೇ ಹುಡುಕ್ತಿದ್ದೆ,” ಎಂದೆ.

“ಸುಳ್ಳು.”

“ಹೌದು, ಸುಳ್ಳು. ಆದ್ರೆ ಆರು ಕೂಗಿದ್ದು ಸರಿ. ಹದಿನಾರಿತ್ತಾ ನಿಮ್ಮಲ್ಲಿ?”

“ಹದಿನಾರು.”

“ನಾನೂ ಕೂಗ್ತಿದ್ದೆ. ಇದು ಸುಳ್ಳಲ್ಲ.”

ಕೊಲೆಟ್ ಕೈ ತೆಗೆದಳು. ಜನ ಚದುರಿದರು. ಕಾಫಿ ಮೇಜಿನ ಹತ್ತಿರ ಲೈಲ್ ಒಬ್ಬನೇ ಇದ್ದ, ಬೆಳ್ಳಿ ಬಟ್ಟಲನ್ನು ಕಂಕುಳಲ್ಲಿ ಇಟ್ಟುಕೊಂಡು ಸಕ್ಕರೆ ಹುಡುಕುತ್ತಿದ್ದ.

“ಇದು ಸಕ್ಕರೆ,” ಎಂದೆ.

“ಥ್ಯಾಂಕ್ಸ್.”

“ಅಕ್ಟೋಬರಲ್ಲಿ ನೀನು ಪಾಸ್ ಅಂದಿದ್ದು ಸರಿ. ನಂದೇ ತಪ್ಪು. ಆಮೇಲೆ ಅಂದದ್ದೂ ತಪ್ಪು, ಎಲ್ಲಾರ ಮುಂದೆ.”

ಲೈಲ್ ಸಕ್ಕರೆ ಹಾಕಿ ಕಲಕಿದ. ತುಂಬ ಹೊತ್ತು ಕಲಕಿದ. “ಹತ್ತೊಂಬತ್ತು ವರ್ಷ ಕಣೋ,” ಎಂದ. “ಆ ಮೂವತ್ತನಾಲ್ಕು ಪುಟಾನ ನಾನು ಬಾಯಿಪಾಠ ಮಾಡಿದ್ದೆ. ನೀನೇ ಓದಿರ್ಲಿಲ್ಲ.”

“ಇಲ್ಲ.”

“ಮಂಗಳವಾರ ಆಡೋಣ್ವಾ? ಡಾಕ್ಟರು ಒಳ್ಳೆಯವನೇ, ಆದ್ರೆ ಆಡೋವಾಗ ಎಲ್ಲಾರ ಹಲ್ಲೇ ನೋಡ್ತಾನೆ.”

“ಮಂಗಳವಾರ ಔನೆ ಇದಾರೆ,” ಎಂದೆ. “ಗುರುವಾರ ಆಗತ್ತಾ?”

“ಗುರುವಾರ ಆಗತ್ತೆ.”

ಔನೆಯವರನ್ನು ಮನೆಗೆ ಬಿಟ್ಟು ಬಂದೆ. ಕಾರಿನಲ್ಲೇ ನಿದ್ದೆ ಹೋಗಿದ್ದರು. ಮನೆ ಬಂದಮೇಲೂ ಸ್ವಲ್ಪ ಹೊತ್ತು ಎಂಜಿನ್ ಆರಿಸದೆ ಕಾದೆ, ಹೀಟರು ನಿಂತರೆ ಎಚ್ಚರವಾಗುತ್ತದೆಂದು.

ಏಪ್ರಿಲ್ 4, ಗುರುವಾರ

ಔನೆಯವರ ಬಲಗಣ್ಣಿನ ಆಪರೇಷನ್ ಮುಗಿದಿದೆ. ಫೋನ್ ಮಾಡಿದ್ದರು. ಮೊದಲು ಕಂಡದ್ದು ತಮ್ಮ ಅಡುಗೆಮನೆಯ ಗೋಡೆಯ ಜಿಡ್ಡಂತೆ, ಬೆಳಿಗ್ಗೆಯಿಂದ ಉಜ್ಜುತ್ತಿದ್ದಾರಂತೆ. ಕಣ್ಣಿನ ಡಾಕ್ಟರು ಬಗ್ಗಬೇಡಿ ಎಂದಿದ್ದಾರೆ ಎಂದು ನೆನಪಿಸಿದೆ. ನೆಟ್ಟಗೆ ನಿಂತೇ ಉಜ್ಜುತ್ತಿದ್ದೇನೆ ಎಂದರು.

ಮಧ್ಯಾಹ್ನ ಲೈಲ್ ಜೊತೆ ಆಡಿದೆ. ಹೊಸದೇನಿಲ್ಲ. ಹತ್ತನೇ ಆಟದಲ್ಲಿ ಅವನು ನಾಲ್ಕು ಆಟೀನಿಗೇ ನಿಲ್ಲಿಸಿದ, ಹದಿಮೂರು ಸುತ್ತೂ ನಮ್ಮವೇ ಆಗಿದ್ದವು. ಹದಿಮೂರೂ. ಕೊನೆಯ ಎಲೆ ಹಾಕಿ ಅವನು ಎರಡೂ ಕೈ ಮೇಜಿನ ಅಂಚಿಗೆ ಹಿಡಿದು, ಕಣ್ಣು ಮುಚ್ಚಿ ಕೂತ. ನಾನು ಅಂಕ ಬರೆದು, ಅವನಿಗೆ ಒಂದು ಕಪ್ ಕಾಫಿ ತಂದುಕೊಡಲೇ ಎಂದು ಕೇಳಿದೆ.

ಲೈಲ್ ಒಂದು ಕಣ್ಣು ತೆರೆದು, “ಮೈ ಹುಷಾರಿದ್ಯಾ?” ಎಂದ.

ಹುಷಾರಾಗಿಯೇ ಇದ್ದೇನೆ. ಯಾಕೆ ಹಾಗೆ ಕೇಳಿದನೋ ಗೊತ್ತಿಲ್ಲ. ರಾತ್ರಿ ಊಟಕ್ಕೆ ಕೂತಾಗ ನೀವೆಸ್‌ಗೆ ಈ ವಿಷಯ ಹೇಳಿದೆ. ಅವಳು ನಗುತ್ತ ನಗುತ್ತ ಸೂಪಿನ ಚಮಚ ಕೆಳಗಿಟ್ಟಳು.